ನೀರು ನಡೆದ ಕಲ್ಲು

ಹಾರೆ ಮತ್ತೆ ಬಂಡೆಗೆ ತಾಗಿ ಖಣ್ಣೆಂದಿತು. ಮನೆಯ ಮುಂದಿನ ಬೇವಿನ ನೆರಳಲ್ಲಿ ಗಂಡನ ತಲೆಯ ಬದಿಗೆ ಕೂತು ಸೆರಗಿನಿಂದ ನೊಣ ಹೊಡೆಯುತ್ತಿದ್ದ ಶಟ್ಟೆವ್ವನ ಕೈ ಅರೆಗಳಿಗೆ ನಿಂತಿತು. ಸದ್ದು ಹೊಲದ ಆ ತುದಿಯಿಂದ ಬಂದಿತ್ತು. ಮಣ್ಣಿಗೆ ಬಿದ್ದ ಹಾರೆ ಮಾತಾಡುವುದಿಲ್ಲ. ಗರಸಿಗೆ ಬಿದ್ದರೆ ಕರಕರ ಅನ್ನುತ್ತದೆ. ಬಂಡೆಗೆ ಬಿದ್ದಾಗ ಮಾತ್ರ ಹೀಗೆ ಹಲ್ಲು ಜುಮ್ಮೆನ್ನುವಂತೆ ಕೂಗುತ್ತದೆ. ಹರೆಯದಿಂದ ಆ ಕೂಗನ್ನೇ ಕೇಳಿಕೊಂಡು ಬಂದ ಕಿವಿ ಅವಳದು.

"ಮತ್ತ ಕಲ್ಲ ಹತ್ತಿತೇನ?" ಎಂದಳು ಪಕ್ಕದ ಹೊಲದ ಬೀರವ್ವ.

"ಹತ್ತದ ಏನ ಮಾಡ್ತೈತಿ? ಇಲ್ಲಿ ಮಣ್ಣು ಅನ್ನೂದು ಕಲ್ಲಿಗೆ ಹೊದಿಸಿದ ಅರಿವಿ ಅಷ್ಟ."

ಗಂಡ ಲಕ್ಕಪ್ಪ ಬೆಳಗಾಗುವ ಮೊದಲೇ ತೀರಿಹೋಗಿದ್ದ. ದಸರೆಯಿಂದ ಹಿಡಿದ ಕೆಮ್ಮು ಉಗಾದಿಗೆ ಅವನ ಉಸಿರಿನೊಂದಿಗೇ ನಿಂತಿತ್ತು. ನಿದ್ದೆಯಲ್ಲೇ ಹೋದ, ಯಾರಿಗೂ ತ್ರಾಸು ಕೊಡಲಿಲ್ಲ ಎಂದು ಬಂದವರೆಲ್ಲ ಹೇಳಿದರು. ಬಂದವರೂ ಬಹಳ ಇರಲಿಲ್ಲ. ಪ್ಲೇಗಿನ ವರ್ಷಗಳಲ್ಲಿ ಹೂಲಿ ಊರಿನ ಜನ ಎಷ್ಟು ಹೆಣ ಹೊತ್ತಿದ್ದರೆಂದರೆ, ಮುದುಕನೊಬ್ಬ ತನ್ನ ಹಾಸಿಗೆಯಲ್ಲಿ ಕಣ್ಣು ಮುಚ್ಚಿದ ಎಂದರೆ ಅಳಬೇಕೋ ಸಮಾಧಾನಪಡಬೇಕೋ ಅವರಿಗೆ ಗೊತ್ತಾಗದಂತಾಗಿತ್ತು. ಬಂದರು, ಕಾಲು ಮುಟ್ಟಿದರು, ಬೇವಿನ ಬುಡದಲ್ಲಿ ಸುಮ್ಮನೆ ಕೂತರು.

ಕುಣಿ ತೋಡುತ್ತಿದ್ದ ಬಳಗದ ಹುಡುಗ ದುರ್ಗಪ್ಪ ಅಂಗೈ ನೋಡಿಕೊಳ್ಳುತ್ತ ಬಂದ. ಬೊಬ್ಬೆ ಒಡೆದು ರಕ್ತ ಒಸರುತ್ತಿತ್ತು. ಅವನ ಹಿಂದೆ ಲಕ್ಕಪ್ಪನ ತಮ್ಮ ಹಣಮಂತಪ್ಪ ಬಂದ. ತಲೆಯ ರುಮಾಲು ಬಿಚ್ಚಿ ಬೆವರು ಒರೆಸಿಕೊಂಡು ಅತ್ತಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಚಿಗವ್ವಾ, ಮೂರು ಕಡೆ ನೋಡಿದ್ವಿ," ಎಂದ ದುರ್ಗಪ್ಪ. "ಮೊಣಕಾಲ ಮಟಾ ಹೋಗೂದ್ರಾಗ ಹಾಸಗಲ್ಲು. ನಾಳಿ ಹೊತ್ತು ಮುಣಗಿದ್ರೂ ಮುಗಿಯೂದಿಲ್ಲ."

"ಹಳ್ಳದ ದಂಡಿಗೆ?"

"ಅಲ್ಲಿ ಎಲ್ಲಿ ಅಗದ್ರೂ ಯಾರದರ ಎಲುಬು ಬರ್ತಾವ." ಆಮೇಲೆ ದನಿ ತಗ್ಗಿಸಿದ. "ನಿಮ್ಮ ಮಾಳಪ್ಪನೂ ಅಲ್ಲೇ ಅದಾನಲ್ಲ. ಯಾವ ಜಾಗಾ ಅಂತ ಈಗ ಯಾರಿಗೆ ಗೊತ್ತೈತಿ?"

ಶಟ್ಟೆವ್ವ ಮೈದುನನ ಮುಖ ನೋಡಿದಳು. ಇಬ್ಬರೂ ಅಣ್ಣತಮ್ಮಂದಿರು ಬೇರೆಯಾದಾಗ ಕೆಳಗಿನ ಎರೆಹೊಲ ಇವನಿಗೆ ಹೋಗಿತ್ತು. ಅಲ್ಲಿ ಆಳುದ್ದ ಅಗೆದರೂ ಕರಿಮಣ್ಣೇ. ಅವಳು ಬಾಯಿ ಬಿಡುವ ಮುಂಚೆಯೇ ಹಣಮಂತಪ್ಪ ನೆಲ ನೋಡಿದ.

"ಉಳೂ ಹೊಲ ವೈನಿ. ನಮ್ಮಾಕಿ..." ಎಂದು ಅಲ್ಲಿಗೇ ಬಿಟ್ಟ. ಸ್ವಲ್ಪ ತಡೆದು, "ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ."

"ಹೇಳಪಾ. ಸಿಟ್ಟಾಗಾಕ ಮೈಯಾಗ ಕಸುವರ ಎಲ್ಲೈತಿ."

"ಕುಣಿ ಅಂತೂ ತಯಾರ ಐತಿ. ಅಣ್ಣ ತಾನ ಅಗದಿಟ್ಟಾನ. ಆ ಬಾಂವಿಗೆ ಹನಿ ನೀರ ಬರಲಿಲ್ಲ, ಮುಂದೂ ಬರೂದಿಲ್ಲ. ಅದರಾಗ..."

ಶಟ್ಟೆವ್ವ ಗಂಡನ ತುಟಿಯ ಮೇಲೆ ಕೂತ ನೊಣವನ್ನು ಅಟ್ಟಿದಳು.

"ಇದ್ದಾಗೂ ಅದರಾಗ ಇದ್ದರು," ಎಂದಳು. "ಸತ್ತ ಮ್ಯಾಲೂ ಅದರಾಗ ಇಡಬೇಕೇನು?"

ಹಣಮಂತಪ್ಪ ರುಮಾಲನ್ನು ಮತ್ತೆ ತಲೆಗೆ ಸುತ್ತಿಕೊಂಡ.

"ಮಾಯವ್ವ ಬರ್ಲಿ," ಎಂದಳು. "ಮುನವಳ್ಳಿಗೆ ಹೇಳಿಕಳಿಸೇನಿ. ಮಗಳ ಮಾರಿ ನೋಡದ ಹೆಂಗ ಒಯ್ಯೂದು?"

*

ಆ ಬಾವಿಯನ್ನು ಬೇಡಿದವಳು ಶಟ್ಟೆವ್ವನೇ.

ಲಗ್ನವಾಗಿ ಬಂದ ಮೊದಲ ಬೇಸಿಗೆ. ಹೊಲದಲ್ಲಿ ಕೆಲಸವಿದ್ದಾಗ ಕುಡಿಯುವ ನೀರಿಗೆ ಊರಿನ ಹಳೇ ಗುಡಿಯ ಹೊಂಡದ ತನಕ ನಡೆಯಬೇಕಿತ್ತು. ಕೊಡ ಹೊತ್ತು ಬಿಸಿಲಲ್ಲಿ ವಾಪಸು ಬರುವಾಗ ಕಾಲು ಸುಟ್ಟು, ಬೇವಿನ ಕಟ್ಟೆಯ ಮೇಲೆ ಕೊಡ ಇಳಿಸಿ, "ಇಷ್ಟ ದೊಡ್ಡ ಹೊಲ ಐತಿ, ಒಂದ ಬಾಂವಿ ಇಲ್ಲ," ಎಂದಳು. ಯಾರಿಗೆಂದು ಹೇಳಿದ್ದೂ ಅಲ್ಲ, ಬಿಸಿಲಿಗೆ ಹೇಳಿದ ಮಾತು. ರೊಟ್ಟಿ ತಿನ್ನುತ್ತ ಕೂತಿದ್ದ ಲಕ್ಕಪ್ಪ ಕೇಳಿಸಿಕೊಂಡ. ಮರುದಿನ ಗುದ್ದಲಿ ಹಿಡಿದು ಹೊಲದ ನಡುವೆ ನಿಂತಿದ್ದ.

ಮೊದಲು ಮಣ್ಣು ಬಂತು, ಆಮೇಲೆ ಗರಸು. ಎರಡನೆಯ ಬೇಸಿಗೆಗೆ ಕಲ್ಲು ಹತ್ತಿತು. ಗುಡ್ಡದ ಬುಡದ ಆ ಕೆಂಪುಗಲ್ಲು ಉಳಿಗೆ ಸುಲಭವಾಗಿ ಬಗ್ಗುವಂಥದ್ದಲ್ಲ. ಮೇಲೆ ಬೆಂಕಿ ಹಾಕಿ ಕಾಯಿಸಿ, ಸೀಳು ಬಿಟ್ಟ ಕಡೆ ಉಳಿ ಇಟ್ಟು ಹೊಡೆಯಬೇಕು. ಬಿತ್ತನೆ, ಕಳೆ, ರಾಶಿ ಎಲ್ಲ ಮುಗಿದು ಕೈ ಖಾಲಿಯಾಗುವ ದಿನಗಳಲ್ಲಿ ಅವನು ಕೆಳಗೆ ಹೊಡೆಯುತ್ತಿದ್ದ, ಅವಳು ಬುಟ್ಟಿಯಲ್ಲಿ ಕಲ್ಲು ಹೊತ್ತು ಮೇಲೆ ಸುರಿಯುತ್ತಿದ್ದಳು. ಮಾಯವ್ವನನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೊತ್ತಳು. ಮಾಳಪ್ಪ ಹುಟ್ಟಿದ ಮೇಲೆ ಕೂಸನ್ನು ಬೇವಿನ ಕೊಂಬೆಗೆ ತೊಟ್ಟಿಲು ಕಟ್ಟಿ ಮಲಗಿಸಿ ಹೊತ್ತಳು. ಬಾವಿಯ ಬದಿಗೆ ಕಲ್ಲಿನ ದಿನ್ನೆ ಎದ್ದಿತು. ಅದರ ಮೇಲೆ ಹುಲ್ಲು ಬೆಳೆದು ಒಣಗಿ, ಮತ್ತೆ ಬೆಳೆಯಿತು. ನೀರು ಮಾತ್ರ ಬರಲಿಲ್ಲ.

"ಸಾಕ ಮಾಡ್ರಿ," ಎಂದು ಅವಳು ಎಷ್ಟೋ ಸಲ ಅಂದಿದ್ದಳು. "ನಾ ಹೊಂಡದ ನೀರ ತರ್ತೇನಿ. ನನಗ ರೂಢಿ ಆಗೇತಿ."

"ಇನ್ನೊಂದಾಳು ಆಳ ನೋಡೂಣು," ಅನ್ನುತ್ತಿದ್ದ ಅವನು.

ಊರವರು ಮೊದಮೊದಲು ಕೇಳುತ್ತಿದ್ದರು, ಆಮೇಲೆ ನಕ್ಕರು, ಕಡೆಗೆ ನಗುವುದನ್ನೂ ಬಿಟ್ಟರು.

ಮಾಳಪ್ಪನಿಗೆ ಮೀಸೆ ಚಿಗುರುವ ಹೊತ್ತಿಗೆ ಪ್ಲೇಗು ಬಂತು. ಊರು ಖಾಲಿಯಾಗಿ ಹೊಲಹೊಲಗಳಲ್ಲಿ ಗುಡಿಸಲು ಎದ್ದವು. ಇವರೂ ಊರಿನ ಮನೆಗೆ ಬೀಗ ಹಾಕಿ ಹೊಲಕ್ಕೆ ಬಂದರು. ಇಲಿ ಬಿದ್ದ ಮನೆಗೆ ಹೋಗಬೇಡ ಎಂದರೂ ಹುಡುಗ ಗೆಳೆಯನನ್ನು ನೋಡಲು ಹೋದ. ಬಗಲಲ್ಲಿ ಗಂಟೆದ್ದಿತು. ಕೈಯಲ್ಲಿ ಹಿಡಿದ ನೀರು ಸೋರಿದಂತೆ ಹೋದ. ಹಳ್ಳದ ದಂಡೆಯಲ್ಲಿ ಯಾರ ಯಾರ ಮಕ್ಕಳ ಜೊತೆಗೋ ಅವನನ್ನೂ ಇಟ್ಟು ಬಂದರು. ಕೆಲವೇ ದಿನಗಳಲ್ಲಿ ಲಕ್ಕಪ್ಪ ಉಳಿ, ಸುತ್ತಿಗೆ ತೆಗೆದುಕೊಂಡು ಮತ್ತೆ ಬಾವಿಗೆ ಇಳಿದ.

ಶಟ್ಟೆವ್ವ ಬಾವಿಯ ದಂಡೆಯಲ್ಲಿ ನಿಂತು ಕೂಗಿದ್ದಳು. "ಮನಸರ ಹೆಂಗ ಬರ್ತೈತಿ ನಿಮಗ? ಮಗ ಹೋಗ್ಯಾನ, ಇನ್ನಾ ಯಾರ ಕುಡಿಯಾಕ ಬೇಕ ಈ ನೀರು?"

ಸುತ್ತಿಗೆ ನಿಂತಿತು. ಕೆಳಗಿನಿಂದ ಮಾತು ಬಂತು.

"ಮ್ಯಾಲ ಇದ್ದು ಏನ ಮಾಡ್ಲಿ?"

ಅದನ್ನು ಗಂಡನ ಮನೆಯಿಂದ ಬಂದಿದ್ದ ಮಾಯವ್ವನೂ ಕೇಳಿದಳು. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. "ನಿಮಗ ಮಗನಕಿಂತ ಕಲ್ಲ ಹೆಚ್ಚು," ಎಂದು ಅಪ್ಪನಿಗೆ ಅಂದು ಆ ದಿನವೇ ಮುನವಳ್ಳಿಗೆ ಹೋದಳು. ಆಮೇಲೆ ತವರಿಗೆ ಬಂದರೂ ಅವ್ವನ ಹತ್ತಿರ ಮಾತಾಡಿ ಹೋಗುತ್ತಿದ್ದಳು. ಅಪ್ಪನೊಂದಿಗೆ ಉಂಡಿರೇನು, ಆರಾಮಿದ್ದೀರೇನು ಎಂಬಷ್ಟೇ. ಬಾವಿಯ ಕಡೆಗೆ ಮುಖ ಕೂಡ ತಿರುಗಿಸುತ್ತಿರಲಿಲ್ಲ.

*

ಹೊತ್ತು ನೆತ್ತಿ ದಾಟಿದ ಮೇಲೆ ಸವದತ್ತಿ ದಾರಿಯಲ್ಲಿ ಚಕ್ಕಡಿ ಕಂಡಿತು. ಮಾಯವ್ವ ಇಳಿದಳು. ಅವಳ ತಲೆಯಲ್ಲೂ ಅಲ್ಲಲ್ಲಿ ಬೆಳ್ಳಿಕೂದಲು. ದಾರಿಯುದ್ದಕ್ಕೂ ಅತ್ತಿದ್ದಳೋ ಏನೋ, ಇಲ್ಲಿ ಅಳಲಿಲ್ಲ. ಅಪ್ಪನ ಮುಖ ನೋಡಿದಳು. ಅವ್ವನ ಪಕ್ಕಕ್ಕೆ ಕೂತು ಅವನ ಕೈ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡಳು. ಸುತ್ತಲಿನ ಹೆಂಗಸರು, ಈಗ ಸ್ವರ ತೆಗೆದಾಳು ಎಂದು ಕಾದರು.

ಅವಳು ಆ ಕೈಯನ್ನೇ ನೋಡುತ್ತಿದ್ದಳು. ಬೆರಳಿನ ಬುಡಗಳನ್ನು ಒಂದೊಂದಾಗಿ ಮುಟ್ಟಿದಳು.

"ಯವ್ವಾ, ಅಪ್ಪನ ಅಂಗೈಯಾಗ ಉಳಿ ಹಿಡದ ಜಡ್ಡು ಇತ್ತಲ್ಲ. ಸಣ್ಣಾಕಿ ಇದ್ದಾಗ ನನ್ನ ಗಲ್ಲಾ ಸವರಿದ್ರ ಚುಚ್ಚತಿತ್ತು. ಎಲ್ಲಿ ಹೋತದು?"

"ಹೋತು."

"ಹೆಂಗ ಹೋತು? ದಿನಾ ಬಾಂವಿಗೆ ಇಳೀತಿದ್ದರಂತಲ್ಲ. ನಮ್ಮೂರಿಗೆ ಬಂದವರೆಲ್ಲಾ ಹೇಳ್ತಿದ್ದರು, ನಿಮ್ಮಪ್ಪ ಇನ್ನಾ ಅಗೀತಾನ ಅಂತ. ನನಗ ಮಾರಿ ಎತ್ತಾಕ ಆಗ್ತಿರಲಿಲ್ಲ."

"ಇಳೀತಿದ್ದರು ಖರೆ," ಎಂದಳು ಶಟ್ಟೆವ್ವ. ಅವಳ ನಾಲಿಗೆ ಒಣಗಿತ್ತು. ಹೆಣ ಎತ್ತುವ ತನಕ ಮನೆಯಲ್ಲಿ ಯಾರೂ ಏನೂ ಬಾಯಿಗೆ ಹಾಕುವಂತಿರಲಿಲ್ಲ. "ಅಗಿಯೂದು ಬಿಟ್ಟು ಬಾಳ ವರ್ಷ ಆತವ್ವ."

ಮಾಯವ್ವ ತಲೆಯೆತ್ತಿದಳು. ಹಣಮಂತಪ್ಪನೂ ಇತ್ತ ತಿರುಗಿದ.

"ಹಂಗಾರ ಅಲ್ಲಿ ಏನ ಮಾಡ್ತಿದ್ದರು?"

"ಕೂಡತಿದ್ದರು."

*

ಪ್ಲೇಗು ಕಡಿಮೆಯಾಗಿ ಜನ ಊರು ಸೇರಿದ ಮೇಲೆ ಆದ ಮಾತು. ಇವರಿಬ್ಬರು ಮಾತ್ರ ಹೊಲದಲ್ಲೇ ಉಳಿದಿದ್ದರು. ಒಂದು ಚಳಿಗಾಲದಲ್ಲಿ ಕಲ್ಲು ನೋಡುವ ಸಾಹೇಬನೊಬ್ಬ ಬಂದು ಗುಡ್ಡದ ಕೆಳಗೆ ಡೇರೆ ಹೊಡೆದ. ಸಣ್ಣ ಸುತ್ತಿಗೆ ಹಿಡಿದು ಗುಡ್ಡವೆಲ್ಲ ಕುಟ್ಟಿ ನೋಡುತ್ತಿದ್ದ. ಧಾರವಾಡ ಕಡೆಯ ಕಾರಕೂನನೊಬ್ಬ ಅವನ ಮಾತನ್ನು ಕನ್ನಡಕ್ಕೆ ತಿರುಗಿಸುತ್ತಿದ್ದ. ಆಳವಾಗಿ ಅಗೆದ ಬಾವಿ ಇದೆ ಎಂದು ಯಾರೋ ಹೇಳಿದ್ದರಿಂದ ಇಬ್ಬರೂ ಇಲ್ಲಿಗೆ ಬಂದರು. ಲಕ್ಕಪ್ಪ ಗೋಡೆಯಲ್ಲಿ ಕೊರೆದ ಮೆಟ್ಟಿಲುಗಳ ಮೇಲೆ ಬೂಟುಗಾಲು ಇಡುತ್ತ ಸಾಹೇಬ ಕೆಳಗಿಳಿದ. ಇಳಿದವನು ಮೊಣಕಾಲೂರಿ ಕೂತ.

ಆ ವಾರವಷ್ಟೇ ಲಕ್ಕಪ್ಪ ಒಂದು ಪದರು ಕಲ್ಲು ಎಬ್ಬಿಸಿದ್ದ. ಅದರ ಅಡಿಯ ಹಾಸುಗಲ್ಲಿನ ಮೇಲೆಲ್ಲ ಅಲೆ. ಗಾಳಿಗೆ ಕೆರೆಯ ನೀರು ಸಣ್ಣಗೆ ಮಡಿಚಿಕೊಳ್ಳುತ್ತದಲ್ಲ, ಹಾಗೆ, ಗೋಡೆಯಿಂದ ಗೋಡೆಗೆ, ಒಂದರ ಹಿಂದೆ ಒಂದು. ಯಾರೋ ಕುಶಾಲಿಗೆ ಕೆತ್ತಿದ್ದಾರೆ ಎಂದುಕೊಂಡಿದ್ದ ಅವನು. ಆದರೆ ತನಗಿಂತ ಮೊದಲು ಇಲ್ಲಿಗೆ ಬಂದವರಾರು ಎಂದು ಅರ್ಥವಾಗಿರಲಿಲ್ಲ.

ಸಾಹೇಬ ಅಂಗೈಯಿಂದ ಆ ಅಲೆಗಳನ್ನು ಸವರಿ ಏನೋ ಹೇಳಿದ.

"ಇದು ನೀರು ಆಡಿದ ಗುರುತಂತಪ್ಪ," ಎಂದ ಕಾರಕೂನ. "ಒಂದು ಕಾಲಕ್ಕ ಇಲ್ಲಿ ಸಮುದ್ರ ಇತ್ತಂತ. ಇದು ದಂಡಿ. ಉಸುಕಿನ ಮ್ಯಾಲ ತೆರಿ ಬಂದು ಹೋಗಿದ್ದು ಹಂಗ ಕಲ್ಲಾಗಿ ಕೂತದ."

"ಯಾವಾಗಿನ ಮಾತ್ರಿ?"

ಕಾರಕೂನ ಕೇಳಿದ. ಸಾಹೇಬ ನಕ್ಕು ಕೈಯಾಡಿಸಿದ.

"ಲೆಕ್ಕಕ್ಕ ಸಿಗೂದಿಲ್ಲಂತ. ಮನಷ್ಯಾ ಅನ್ನಾಂವ ಹುಟ್ಟಿರಲಿಲ್ಲ. ದನಾ ಇರಲಿಲ್ಲ, ಹಕ್ಕಿ ಇರಲಿಲ್ಲ, ಒಂದು ಹುಲ್ಲಿನ ಎಸಳು ಇರಲಿಲ್ಲ. ನಿಮ್ಮ ಎಲ್ಲಮ್ಮನ ಗುಡ್ಡ ಇನ್ನಾ ಗುಡ್ಡ ಆಗಿರಲಿಲ್ಲ. ಸಾವಿರ ವರ್ಷಕ್ಕ ಒಂದು ಜ್ವಾಳದ ಕಾಳು ಇಟಗೋತ ಹೋದ್ರ ಚೀಲ ತುಂಬಿ ಚೆಲ್ಲತದಂತ."

"ನನ್ನ ಜಲ್ಮ?"

"ನಿಂದು ಒಂದು ಕಾಳೂ ಆಗೂದಿಲ್ಲೋ ಮಾರಾಯಾ."

ಲಕ್ಕಪ್ಪ ಬಹಳ ಹೊತ್ತು ಆ ಕಲ್ಲು ನೋಡಿದ. ಆಮೇಲೆ ಮೇಲೆ ನಿಂತಿದ್ದ ಹೆಂಡತಿಯ ಕಡೆ ಮುಖವೆತ್ತಿ ಹೇಳಿದ.

"ಕೇಳಿದೇನು? ಇಲ್ಲಿ ನೀರ ಇತ್ತಂತ. ನಾ ಬರೂದ ಸ್ವಲ್ಪ ತಡಾ ಆತು."

ಮಗ ಹೋದ ಮೇಲೆ ಶಟ್ಟೆವ್ವ ನಕ್ಕದ್ದು ಆವತ್ತೇ ಮೊದಲು. ನಗು ಬಂದದ್ದಕ್ಕೆ ನಾಚಿ ಸೆರಗು ಬಾಯಿಗಿಟ್ಟುಕೊಂಡಳು. ಅಷ್ಟರಲ್ಲಿ ಅದು ಅಳುವೂ ಆಗಿತ್ತು.

ಈ ಕಲ್ಲಿನ ಕೆಳಗೆ ಮತ್ತೆ ಕಲ್ಲೇ ಎಂದು ಹೇಳಿ ಸಾಹೇಬ ಹೋದ. ಲಕ್ಕಪ್ಪ ಆ ಅಲೆಗಳ ಮೇಲೆ ಉಳಿ ಇಡಲಿಲ್ಲ. ಹಾರೆ, ಸುತ್ತಿಗೆ ತಂದು ಮೂಲೆಗೆ ಹಾಕಿದ. ಆದರೆ ಇಳಿಯುವುದನ್ನು ಬಿಡಲಿಲ್ಲ. ಹೊಲದ ಕೆಲಸ ಮುಗಿಸಿ ಬಿಸಿಲು ಏರುವ ಹೊತ್ತಿಗೆ ಕೆಳಗೆ ಹೋಗಿ ಆ ತಂಪಿನಲ್ಲಿ ಕೂಡುತ್ತಿದ್ದ. ದಾರಿಯಲ್ಲಿ ಹೋಗುವವರು ಅವನ ತಲೆ ಬಾವಿಯೊಳಗೆ ಮರೆಯಾಗುವುದನ್ನು ನೋಡಿ, ಇನ್ನೂ ಅಗೆಯುತ್ತಾನೆ ಎಂದುಕೊಂಡು ಹೋಗುತ್ತಿದ್ದರು. ಅವನು ತಿದ್ದಲಿಲ್ಲ. ಅವಳೂ ತಿದ್ದಲಿಲ್ಲ.

ಮೊದಲ ಸಲ ರೊಟ್ಟಿಯ ಗಂಟು ಹಿಡಿದು ಅವಳೂ ಇಳಿದಾಗ, ಅವನು ಜಾಗ ಬಿಟ್ಟು ಸರಿದು ಕೂತ.

"ಬಾ. ಸಮುದ್ರದ ದಂಡಿಗೆ ಬುತ್ತಿ ತಂದಾಕಿ ನೀನ ಇರಬೇಕು."

ಇಬ್ಬರೂ ಸಮುದ್ರ ನೋಡಿದವರಲ್ಲ. ಮಲಪ್ರಭೆ ತುಂಬಿ ಹರಿಯುವುದನ್ನು ನೋಡಿದ್ದರು, ಅಷ್ಟೇ. ಅಲೆಯ ಮೇಲೆ ಬುತ್ತಿ ಬಿಚ್ಚಿ, ತಣ್ಣನೆ ಕಲ್ಲಿಗೆ ಬೆನ್ನು ಕೊಟ್ಟು ಉಣ್ಣುತ್ತಿದ್ದರು. ಮಾತು ಕಡಿಮೆ. ಮಾಳಪ್ಪನ ಹೆಸರನ್ನು ಮನೆಯಲ್ಲಿ ಇಬ್ಬರೂ ಎತ್ತುತ್ತಿರಲಿಲ್ಲ, ಅಲ್ಲಿ ಕೆಳಗೆ ಎತ್ತುತ್ತಿದ್ದರು. ಅವನು ಸಣ್ಣವನಿದ್ದಾಗ ಬೆಲ್ಲ ಕದ್ದದ್ದು, ಕುರಿಮರಿಗೆ ಅಂಗಿ ತೊಡಿಸಿದ್ದು. ಯಾಕೋ ಅಲ್ಲಿ ಅದು ಅಷ್ಟು ಸುಡುತ್ತಿರಲಿಲ್ಲ.

"ಅಂವ ಹದಿನೇಳಕ್ಕ ಹೋದ, ನಾ ಎಪ್ಪತ್ತಕ್ಕ ಹೋದೆ ಅಂತಿಟಗೋ," ಎಂದಿದ್ದ ಒಮ್ಮೆ ಅಲೆಯ ಮೇಲೆ ಬೆರಳಾಡಿಸುತ್ತ. "ಈ ಕಲ್ಲಿಗೆ ಎರಡೂ ಒಂದ. ಯಾರ ಬಂದರು, ಯಾರ ಹೋದರು, ಇದಕ್ಕ ಗೊತ್ತ ಆಗೂದಿಲ್ಲ."

"ಗೊತ್ತಾಗಿ ಏನ ಮಾಡಬೇಕೈತಿ ಅದಕ್ಕ? ರೊಟ್ಟಿ ಉಣ್ರಿ, ಒಣಗತಾವ," ಎಂದಿದ್ದಳು ಅವಳು.

*

ಬೇವಿನ ನೆರಳು ಮೂಡಲ ಕಡೆ ಉದ್ದವಾಗಿ ಹೆಣದ ಕಾಲ ಮೇಲೆ ಬಿಸಿಲು ಬಿತ್ತು. ನಾಲ್ವರು ಸೇರಿ ಹಾಸಿಗೆಯನ್ನು ನೆರಳಿಗೆ ಸರಿಸಿದರು. ದುರ್ಗಪ್ಪ ಅಂಗೈಗೆ ಚಿಂದಿ ಸುತ್ತಿಕೊಂಡು ಮತ್ತೆ ಹಾರೆ ಎತ್ತಿಕೊಳ್ಳುತ್ತಿದ್ದ. ಹಸಿದ ಕೂಸೊಂದು ಬೀರವ್ವನ ಸೊಸೆಯ ತೊಡೆಯಲ್ಲಿ ರಂಪ ಮಾಡುತ್ತಿತ್ತು. ಶಟ್ಟೆವ್ವ ಎಲ್ಲರನ್ನೂ ಒಮ್ಮೆ ನೋಡಿದಳು. ಎಲ್ಲರೂ ದಣಿದಿದ್ದರು.

"ಹಾರಿ ಇಡೋ ದುರ್ಗಪ್ಪಾ," ಎಂದಳು. "ಅಲ್ಲೇ ಇಡೂಣು."

"ಎಲ್ಲಿ ಚಿಗವ್ವಾ?"

"ಬಾಂವ್ಯಾಗ."

ಹಣಮಂತಪ್ಪ ಮಾತಾಡಲು ಹೋದ. ಅವಳು ಕೈ ಅಡ್ಡ ಮಾಡಿದಳು. "ನೀ ಅಂದದ್ದಕ್ಕಲ್ಲಪಾ. ಅವರಿಗೆ ಅಲ್ಲಿ ತಂಪು ಆಗ್ತಿತ್ತು."

ಲಕ್ಕಪ್ಪನಿಗೆ ಸ್ನಾನ ಮಾಡಿಸಿ, ಹೊಸ ಧೋತರ ಸುತ್ತಿ, ಹಣೆಗೆ ಭಂಡಾರ ಹಚ್ಚಿದರು. ಕರಿಕಂಬಳಿಯ ಮೇಲೆ ಮಲಗಿಸಿ ನಾಲ್ಕು ತುದಿ ಹಿಡಿದು ಹೊತ್ತರು. ಇಳಿಯುವಾಗ ಕಷ್ಟವಾದೀತೆಂದು ಗಂಡಸರು ಹೆದರಿದ್ದರು. ಹಾಗಾಗಲಿಲ್ಲ. ಕೈಯಲ್ಲಿ ಭಾರ ಹಿಡಿದವನ ಕಾಲಿಗೆ ತಾನಾಗಿ ಸಿಗುವಂತೆ ಕೊರೆದ ಮೆಟ್ಟಿಲುಗಳವು, ಬುಟ್ಟಿ ಹೊತ್ತ ಹೆಂಡತಿಗೆಂದು ಕೊರೆದವು. ಯಾರ ಕಾಲೂ ಜಾರಲಿಲ್ಲ.

ಮಾಯವ್ವ ಅವ್ವನ ತೋಳು ಹಿಡಿದು ದಂಡೆಗೆ ಬಂದಳು. ಎಷ್ಟೋ ವರ್ಷಗಳ ಮೇಲೆ ಆ ಬಾವಿಯೊಳಗೆ ಇಣುಕಿದಳು. ಇಳಿಬಿಸಿಲು ಒಂದು ಗೋಡೆಗೆ ಬಿದ್ದು ತಳಕ್ಕೆ ಅದರ ಬೆಳಕು ಚೆಲ್ಲಿತ್ತು. ಅವಳ ಬೆರಳು ಅವ್ವನ ತೋಳನ್ನು ಬಿಗಿಯಾಗಿ ಹಿಡಿಯಿತು.

"ಯವ್ವಾ! ತಳದಾಗ ನೀರ ಐತಿ!"

"ಇಲ್ಲವ್ವ. ಕಲ್ಲದು."

"ತೆರಿ ಏಳಾಕ ಹತ್ಯಾವಲ್ಲ..."

"ಎದ್ದಿದ್ದವು. ಆಗ ನಾವಿರಲಿಲ್ಲ."

ಕೆಳಗೆ ಹಣಮಂತಪ್ಪ ಅಣ್ಣನ ತಲೆಯನ್ನು ತೆಂಕಣಕ್ಕೆ ಮಾಡಿ ಮಲಗಿಸಿದ. ಮೇಲೆ ಕಂಬಳಿ ಹೊದಿಸುವ ಮುನ್ನ ಅವನೂ ಒಮ್ಮೆ ಅಂಗೈಯಿಂದ ಆ ಕಲ್ಲು ಸವರಿದ್ದು ಮೇಲಿನವರಿಗೆ ಕಂಡಿತು. ಭಂಡಾರ ಎರಚಿದರು. ಹಳದಿ ಪುಡಿ ಗಾಳಿಯಲ್ಲಿ ತಿರುಗುತ್ತ ಇಳಿದು ಅಲೆಗಳ ಸಂದಿನಲ್ಲಿ ಗೆರೆಗೆರೆಯಾಗಿ ಕೂತಿತು. ಆಗ ಮಾಯವ್ವ ಸ್ವರ ತೆಗೆದಳು. ಅಪ್ಪಾ ಎಂದೂ ಅಂದಳು, ತಮ್ಮಾ ಎಂದೂ ಅಂದಳು. ಯಾರಿಗಾಗಿ ಯಾವುದು ಎಂದು ಅವಳಿಗೂ ತಿಳಿದಿರಲಿಕ್ಕಿಲ್ಲ.

ಮುಚ್ಚಲು ಮಣ್ಣು ಹುಡುಕಬೇಕಾಗಿರಲಿಲ್ಲ. ದಿನ್ನೆ ಅಲ್ಲೇ ಇತ್ತು. ಮೊದಲು ಮೆತ್ತನೆಯ ಮಣ್ಣನ್ನು ಆರಿಸಿ ಹಾಕಿದರು. ಆಮೇಲೆ ಗರಸು, ಆಮೇಲೆ ಕಲ್ಲು. ಗಂಡಸರು ಸಾಲಾಗಿ ನಿಂತು ಬುಟ್ಟಿ ದಾಟಿಸುತ್ತಿದ್ದರು. ಸಾಲಿನಲ್ಲಿ ಒಂದು ಬುಟ್ಟಿ ನಿಂತಿತು. ಎತ್ತುವವನು ಬೆವರು ಒರೆಸಿಕೊಳ್ಳುತ್ತಿದ್ದ. ಶಟ್ಟೆವ್ವ ಮಗಳ ಕೈ ಬಿಡಿಸಿಕೊಂಡು ಹೋಗಿ, ಸೆರಗನ್ನು ಸಿಂಬಿ ಮಾಡಿ, ಆ ಬುಟ್ಟಿಯನ್ನು ತಲೆಗೇರಿಸಿದಳು.

"ವೈನಿ, ನಿಮಗ್ಯಾಕ? ಬಿಡ್ರಿ!"

"ಇದು ನಾ ಹೊತ್ತದ್ದ ಐತಿ," ಎಂದು ದಂಡೆಗೆ ನಡೆದು ಸುರಿದಳು.

ಯಾರೂ ಮತ್ತೆ ತಡೆಯಲಿಲ್ಲ. ಇನ್ನೊಂದು ಬುಟ್ಟಿ ಹೊತ್ತಳು. ಮತ್ತೂ ಒಂದನ್ನು ಹೊತ್ತು ಸುರಿದು ದಂಡೆಯಲ್ಲೇ ಕೂತಳು. ಹೊತ್ತು ಗುಡ್ಡಕ್ಕೆ ತಾಗುವ ವೇಳೆಗೆ ಹೆಣದ ಮೇಲೆ ಎದೆಮಟ್ಟ ಕಲ್ಲುಮಣ್ಣು ಬಿದ್ದಿತ್ತು. ತಿರುಗಿ ನೋಡಿದರೆ ದಿನ್ನೆಯ ಒಂದು ಮೂಲೆ ಮಾತ್ರ ಕರಗಿತ್ತು. ಇಬ್ಬರೇ ಇಷ್ಟನ್ನು ಮೇಲೆ ತಂದಿದ್ದರೇ ಎಂದು ದುರ್ಗಪ್ಪ ಅಚ್ಚರಿಪಟ್ಟ.

"ಉಳಿದದ್ದ ನಾಳಿ ಹಾಕ್ತೀವಿ ವೈನಿ," ಎಂದ ಹಣಮಂತಪ್ಪ.

"ಅವಸರೇನೈತಿ," ಎಂದಳು ಶಟ್ಟೆವ್ವ.

*

ಹೆಂಗಸರು ಅವಳನ್ನು ಹಳ್ಳಕ್ಕೆ ಒಯ್ದು ಮೈ ತೊಳೆಸಿ ಕರೆತಂದರು. ಬಳೆಯಿಲ್ಲದ ಕೈ ಹಗುರವಾಗಿ ಎತ್ತಲೋ ಹೋದಂತೆ ಅನಿಸುತ್ತಿತ್ತು. ಬೀರವ್ವನ ಮನೆಯಿಂದ ಅಂಬಲಿ ಬರುವುದಿತ್ತು, ಇನ್ನೂ ಬಂದಿರಲಿಲ್ಲ. ದೀಪ ಹಚ್ಚುವ ಹೊತ್ತು. ಲಕ್ಕಪ್ಪ ಉಸಿರು ಬಿಟ್ಟ ಜಾಗವನ್ನು ಮಾಯವ್ವ ಸಾರಿಸಿ, ಅಲ್ಲಿ ಹಣತೆ ಇಟ್ಟಳು. ಹೋದವರು ಬಾಯಾರಿ ಬಂದರೆ ಇರಲಿ ಎಂದು ದೀಪದ ಮಗ್ಗುಲಲ್ಲಿ ತಂಬಿಗೆಯ ತುಂಬ ನೀರಿಟ್ಟು, ಹೊರಗಿನ ಬಟ್ಟೆ ತರಲು ಹೋದಳು.

ಒಳಗೆ ಬಂದಾಗ ಅವ್ವ ಗೋಡೆಗೆ ಒರಗಿ ಕೂತಿದ್ದಳು. ಎರಡೂ ಕೈಯಲ್ಲಿ ಆ ತಂಬಿಗೆ ಹಿಡಿದು, ಕಣ್ಣು ಮುಚ್ಚಿ, ಗಟಗಟನೆ ಕುಡಿಯುತ್ತಿದ್ದಳು. ನೀರು ಕಟವಾಯಿಯಿಂದ ಇಳಿದು ಕೊರಳು ತೋಯಿಸುತ್ತಿತ್ತು. ಏನು ಮಾಡುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿದ್ದಂತೆ ಕಾಣಲಿಲ್ಲ.

ಮಾಯವ್ವ ಹೊಸ್ತಿಲಲ್ಲೇ ನಿಂತಳು. ಕಡೆಯ ಹನಿಯತನಕ ಕುಡಿಯಲು ಬಿಟ್ಟಳು. ಆಮೇಲೆ ಅವ್ವನ ಕೈಯಿಂದ ತಂಬಿಗೆಯನ್ನು ಮೆಲ್ಲಗೆ ಬಿಡಿಸಿಕೊಂಡು, ಮೂಲೆಯ ಕೊಡವನ್ನು ಬಗ್ಗಿಸಿ ಅದನ್ನು ಮತ್ತೆ ತುಂಬಿದಳು.